ಬಿಪಿ ಮಾತ್ರೆಯ ಹಿಂದಿನ ಹಳ್ಳಿ

ಆಸ್ಪತ್ರೆಯ ಫಾರ್ಮಸಿ ಕಿಟಕಿಯಲ್ಲಿ ಸಂಜೆ ಏಳರಿಂದ ಹತ್ತರವರೆಗೆ ನಿಂತರೆ ಊರಿನ ಸಂತೆಯಲ್ಲಿ ನಿಂತಂತೆಯೇ. ಸೈಟಿನ ಬಸ್ಸಿನಿಂದ ಇಳಿದವರು, ಅಂಗಡಿ ಡ್ಯೂಟಿ ಮುಗಿಸಿದವರು, ಡ್ರೈವರುಗಳು ಎಲ್ಲರೂ ಆ ಹೊತ್ತಿಗೇ ಬರುತ್ತಾರೆ. ನಾವು ಕನ್ನಡದವರು ಎಂದು ತಿಳಿದ ಮೇಲೆ ಸರದಿ ಬಿಟ್ಟು ಪಕ್ಕಕ್ಕೆ ಬಂದು ಮೆಲ್ಲಗೆ ಕೇಳುವವರೂ ಇದ್ದಾರೆ. ಅವರು ಕೇಳುವುದು ಬಹುಪಾಲು ಒಂದೇ ಪ್ರಶ್ನೆ: "ಸಾರ್, ನಂಗೆ ತಲೆನೋವಿಲ್ಲ, ತಲೆಸುತ್ತಿಲ್ಲ, ಊಟ ಸೇರ್ತದೆ, ನಿದ್ದೆ ಬರ್ತದೆ. ಈ ಬಿಪಿ ಮಾತ್ರೆ ದಿನಾ ನುಂಗಿದ್ರೆ ಒಳ್ಳೇದಾಗ್ತದೆ ಅಂತ ಯಾರು ನೋಡಿದ್ದಾರೆ?"

ಇದು ಉಡಾಫೆಯ ಪ್ರಶ್ನೆ ಅಲ್ಲ. ಏನೂ ನೋವಿಲ್ಲದ ಮನುಷ್ಯನಿಗೆ ಜೀವನಪೂರ್ತಿ ಮಾತ್ರೆ ನುಂಗು ಎನ್ನಲು ದೊಡ್ಡ ಧೈರ್ಯ ಬೇಕು, ಆ ಧೈರ್ಯಕ್ಕೆ ಆಧಾರವೂ ಬೇಕು. ಯಾರು ನೋಡಿದ್ದಾರೆ ಎಂಬುದಕ್ಕೆ ನಿಜವಾದ ಉತ್ತರವಿದೆ. ಅದನ್ನು ಕಿಟಕಿಯಲ್ಲಿ ನಿಂತು ಹೇಳಲು ಆಗುವುದಿಲ್ಲ, ಹಿಂದೆ ಇಪ್ಪತ್ತು ಜನ ಕಾಯುತ್ತಿರುತ್ತಾರೆ. ಹಾಗಾಗಿ ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇವೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಇಪ್ಪತ್ತನೇ ಶತಮಾನದ ಮೊದಲ ಅರ್ಧದಲ್ಲಿ ರಕ್ತದೊತ್ತಡ ಅಳೆಯುವ ಉಪಕರಣ ಇತ್ತು, ಇಳಿಸುವ ಔಷಧ ಇರಲಿಲ್ಲ. ಇಳಿಸಲೇಬಾರದು ಎಂದು ನಂಬಿದ್ದ ದೊಡ್ಡ ದೊಡ್ಡ ಡಾಕ್ಟರುಗಳೂ ಇದ್ದರು. ವಯಸ್ಸಾದಂತೆ ರಕ್ತನಾಳ ಗಟ್ಟಿಯಾಗುತ್ತದೆ, ಅದರೊಳಗೆ ರಕ್ತ ನೂಕಲು ಒತ್ತಡ ಬೇಕೇ ಬೇಕು, ಇಳಿಸಿದರೆ ಮಿದುಳಿಗೂ ಮೂತ್ರಪಿಂಡಕ್ಕೂ ರಕ್ತ ಸಾಲದು ಎನ್ನುವುದು ಅವರ ವಾದ. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1945ರ ಏಪ್ರಿಲ್ 12ರಂದು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡಾಗ ಅವರ ಬಿಪಿ 300/190 ಮುಟ್ಟಿತ್ತು. ಜಗತ್ತಿನ ಅತ್ಯಂತ ಬಲಶಾಲಿ ದೇಶದ ಅಧ್ಯಕ್ಷರಿಗೇ, ಯುದ್ಧದ ನಡುವೆಯೇ, ವೈದ್ಯರಿಗೆ ಕೊಡಲು ಹೆಚ್ಚೇನೂ ಇರಲಿಲ್ಲ. ಇವತ್ತು ನಮ್ಮ ಕ್ಯಾಂಪಿನ ಹೆಲ್ಪರ್ ಹುಡುಗನಿಗೆ ಸಿಗುವ ಚಿಕಿತ್ಸೆ ಆವತ್ತು ರೂಸ್‌ವೆಲ್ಟ್‌ಗೆ ಸಿಗಲಿಲ್ಲ.

ಔಷಧ ಬಂದ ಕಥೆಯಲ್ಲಿ ನಮ್ಮ ದೇಶದ್ದೂ ಒಂದು ಪಾಲಿದೆ. ನಮ್ಮ ಕಾಡುಗಳಲ್ಲೂ ಬೆಳೆಯುವ ಸರ್ಪಗಂಧದ ಬೇರನ್ನು ಬಿಪಿ ರೋಗಿಗಳಿಗೆ ಕೊಟ್ಟು ನೋಡಿದ್ದನ್ನು ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದರು. ಮೂರು ವರ್ಷದ ನಂತರ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಅದೇ ಬೇರಿನಿಂದ ರಿಸರ್ಪಿನ್ ಬೇರ್ಪಡಿಸಿತು. ಡಿಪ್ಲೊಮಾ ಓದುವಾಗ ಈ ಬೇರಿನ ಚಿತ್ರ ಬರೆದು ಭಾಗಗಳನ್ನು ಗುರುತಿಸಿದ್ದು ನಮ್ಮ ವಯಸ್ಸಿನ ಫಾರ್ಮಸಿಸ್ಟರಿಗೆಲ್ಲ ನೆನಪಿರಬೇಕು. ಯಾಕೆ ಬರೆಯುತ್ತಿದ್ದೇವೆ ಎಂದು ಆಗ ಗೊತ್ತಿರಲಿಲ್ಲ.

1967ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 143 ಜನರ ಮೇಲೆ ನಡೆದ ಪರೀಕ್ಷೆ ದೊಡ್ಡ ಬಾಗಿಲನ್ನು ತೆರೆಯಿತು. ಅವರೆಲ್ಲರಿಗೂ ಕೆಳಗಿನ ಬಿಪಿ 115ರಿಂದ 129ರಷ್ಟಿತ್ತು, ಅಂದರೆ ಬಹಳ ಹೆಚ್ಚು. ಅರ್ಧ ಜನಕ್ಕೆ ಔಷಧ, ಅರ್ಧ ಜನಕ್ಕೆ ಔಷಧವಿಲ್ಲದ ಡಮ್ಮಿ ಮಾತ್ರೆ. ಡಮ್ಮಿ ಗುಂಪಿನಲ್ಲಿ ಗಂಭೀರ ತೊಂದರೆಗಳು 27, ಔಷಧದ ಗುಂಪಿನಲ್ಲಿ 2. ಇಷ್ಟು ಸ್ಪಷ್ಟವಾದ ಉತ್ತರ ವೈದ್ಯಕೀಯದಲ್ಲಿ ಅಪರೂಪ. ಆ ಔಷಧಗಳಲ್ಲಿ ಸರ್ಪಗಂಧದ ರಿಸರ್ಪಿನ್ ಕೂಡ ಇತ್ತು.

ಆದರೆ ನಮ್ಮ ಕಿಟಕಿಗೆ ಬರುವ ಮನುಷ್ಯನ ಕೆಳಗಿನ ಬಿಪಿ 120 ಅಲ್ಲ, 95 ಅಥವಾ 100. ಬಿಪಿ ಇರುವವರಲ್ಲಿ ಹೆಚ್ಚಿನವರು ಇಂಥವರೇ. ಇವರಿಗೂ ಮಾತ್ರೆ ಬೇಕೇ? ಇದಕ್ಕೆ ಆಸ್ಪತ್ರೆಯಲ್ಲಿ ಕೂತು ಉತ್ತರ ಹುಡುಕಲು ಆಗುವುದಿಲ್ಲ, ಏಕೆಂದರೆ ಇಂಥವರು ಆಸ್ಪತ್ರೆಗೇ ಬರುವುದಿಲ್ಲ. ಏನೂ ನೋಯುವುದಿಲ್ಲವಲ್ಲ! ಇನ್ನೊಂದು ತೊಡಕು ಲೆಕ್ಕದ್ದು. ಸ್ವಲ್ಪವೇ ಬಿಪಿ ಇರುವವರಲ್ಲಿ ಒಂದು ವರ್ಷದಲ್ಲಿ ಲಕ್ವ ಹೊಡೆಯುವುದು ಸಾವಿರಕ್ಕೆ ಇಬ್ಬರು ಮೂವರಿಗೆ. ಔಷಧದಿಂದ ಅದು ಕಡಿಮೆಯಾಯಿತೇ ಎಂದು ಹೇಳಬೇಕಾದರೆ 143 ಜನ ಏನೇನೂ ಸಾಲದು, ಸಾವಿರಾರು ಜನರನ್ನು ವರ್ಷಗಟ್ಟಲೆ ಕಾಯ್ದು ನೋಡಬೇಕು. ಅವರು ಎಲ್ಲಿದ್ದಾರೆ ಎಂದು ಗೊತ್ತಿರಬೇಕು, ಮುಂದಿನ ವರ್ಷವೂ ಅಲ್ಲೇ ಸಿಗಬೇಕು. ಇದು ಊರಿನ ಡಾಕ್ಟರಿಂದ ಮಾತ್ರ ಆಗುವ ಕೆಲಸ.

ಬ್ರಿಟನ್ನಿನಲ್ಲಿ ಅದು ಆಗಲು ಒಂದು ಕಾರಣವಿತ್ತು. 1948ರ ಜುಲೈ 5ರಂದು ಅಲ್ಲಿ ನ್ಯಾಷನಲ್ ಹೆಲ್ತ್ ಸರ್ವಿಸ್ ಶುರುವಾಯಿತು. ಪ್ರತಿಯೊಬ್ಬರೂ ತಮ್ಮ ಊರಿನ ಒಬ್ಬ ಡಾಕ್ಟರ ಪಟ್ಟಿಯಲ್ಲಿ ಹೆಸರು ಬರೆಸಬೇಕು, ಕಾಯಿಲೆ ಏನೇ ಇರಲಿ ಮೊದಲು ಅವರ ಹತ್ತಿರವೇ ಹೋಗಬೇಕು. ಆ ಡಾಕ್ಟರ ಕಪಾಟಿನಲ್ಲಿ ಒಬ್ಬೊಬ್ಬರಿಗೂ ಒಂದು ಲಕೋಟೆ. ಮನೆ ಬದಲಿಸಿ ಬೇರೆ ಊರಿಗೆ ಹೋದರೆ ಲಕೋಟೆಯೂ ಹೊಸ ಡಾಕ್ಟರ ಹತ್ತಿರ ಹೋಗುತ್ತದೆ. ಈ ವ್ಯವಸ್ಥೆಯನ್ನು ಕಟ್ಟಿದ ಮಂತ್ರಿ ಅನೂರಿನ್ ಬೆವನ್ ವೇಲ್ಸಿನ ಟ್ರೆಡೀಗರ್ ಎಂಬ ಗಣಿ ಊರಿನವರು. ಅಲ್ಲಿ ಕಾರ್ಮಿಕರು ಸಂಬಳದಿಂದ ಒಂದಿಷ್ಟು ಚಿಲ್ಲರೆ ಕಡಿತ ಮಾಡಿಸಿ ತಾವೇ ಡಾಕ್ಟರನ್ನು ಇಟ್ಟುಕೊಳ್ಳುವ ಸಂಘ ಮೊದಲೇ ಇತ್ತು. ಊರಿನ ಡಾಕ್ಟರ ಕಾಗದಪತ್ರದಿಂದ ವಿಜ್ಞಾನ ಹುಟ್ಟಬಲ್ಲದು ಎಂಬುದನ್ನೂ ಅವರು ಅದಾಗಲೇ ಕಂಡಿದ್ದರು. ಯಾರ್ಕ್‌ಷೈರಿನ ಏಸ್‌ಗರ್ತ್ ಎಂಬ ಹಳ್ಳಿಯಲ್ಲಿ ವಿಲಿಯಂ ಪಿಕಲ್ಸ್ ಎಂಬ ಡಾಕ್ಟರು 1929ರ ಕಾಮಾಲೆ ಹೇಗೆ ಮನೆಯಿಂದ ಮನೆಗೆ ಹೋಯಿತು ಎಂದು ದಿನಾಂಕ ಸಮೇತ ಬರೆದಿಟ್ಟು ಹೆಸರಾಗಿದ್ದರು.

ಈಗ ನಮ್ಮ ಹಳ್ಳಿಗೆ ಬರೋಣ. ಹೆಸರು ಗ್ಲಿನ್‌ಕೊರುಗ್. ದಕ್ಷಿಣ ವೇಲ್ಸಿನ ಅಫಾನ್ ಕಣಿವೆಯ ಒಂದು ತುದಿ. ಸುಮಾರು ಎರಡು ಸಾವಿರ ಜನ, ಒಂದು ಕಲ್ಲಿದ್ದಲ ಗಣಿ. 1961ರಲ್ಲಿ ಅಲ್ಲಿಗೆ ಡಾಕ್ಟರಾಗಿ ಬಂದವರು ಜೂಲಿಯನ್ ಟ್ಯೂಡರ್ ಹಾರ್ಟ್. ಆಗ ಅವರಿಗೆ ಮೂವತ್ತನಾಲ್ಕು ವರ್ಷ. ಲಂಡನ್ನಿನ ಬಡ ಬಡಾವಣೆಯೊಂದರಲ್ಲಿ ಪ್ರಾಕ್ಟೀಸ್ ಮಾಡಿ, ಆಮೇಲೆ ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದ ರಿಚರ್ಡ್ ಡಾಲ್ ಅವರ ಬಳಿ, ಕಾರ್ಡಿಫ್‌ನಲ್ಲಿ ಆರ್ಚಿ ಕಾಕ್ರನ್ ಅವರ ಬಳಿ ಕೆಲಸ ಕಲಿತು ಬಂದವರು. ರಾಜಕೀಯದಲ್ಲಿ ಕಮ್ಯುನಿಸ್ಟ್. ಪಾರ್ಲಿಮೆಂಟಿಗೆ ಮೂರು ಸಲ ನಿಂತು ಮೂರು ಸಲವೂ ಸೋತರು. ಮತ ಹಾಕದ ಜನರೂ ಮೈ ತೋರಿಸಲು ಇವರ ಹತ್ತಿರವೇ ಬರುತ್ತಿದ್ದರು ಎನ್ನುವುದರಲ್ಲಿ ನಮಗೆ ಆಶ್ಚರ್ಯವಿಲ್ಲ, ನಮ್ಮೂರುಗಳಲ್ಲೂ ಅದು ಹಾಗೆಯೇ.

ಕಾಕ್ರನ್ ಅವರ ಹೆಸರು ಇಲ್ಲಿ ಮುಖ್ಯ. 1950ರ ಹೊತ್ತಿನಲ್ಲಿ ಅವರು ಪಕ್ಕದ ರೊಂಡಾ ವಾಹ್ ಎಂಬ ಕಣಿವೆಯಲ್ಲಿ ಗಣಿ ಧೂಳಿನ ಶ್ವಾಸಕೋಶದ ಕಾಯಿಲೆಯನ್ನು ತಿಳಿಯಲು ಇಡೀ ಕಣಿವೆಯ ಜನರ ಎಕ್ಸ್‌ರೇ ತೆಗೆಸಿದ್ದರು. ನೂರಕ್ಕೆ ಸುಮಾರು 90 ಜನ ಬಂದಿದ್ದರು. ಅಲ್ಲಿನ ಗಣಿ ಕಾರ್ಮಿಕರಿಗೆ ಹೆಸರು ಕೊಟ್ಟು, ಮೈ ಕೊಟ್ಟು, ಅಳೆಸಿಕೊಳ್ಳುವ ಅಭ್ಯಾಸ ಆಗಲೇ ಇತ್ತು ಎನ್ನಬಹುದು. ಧೂಳಿನ ಕಾಯಿಲೆ ಎಂದು ದಾಖಲಾದರೆ ಪರಿಹಾರ ಸಿಗುತ್ತಿತ್ತು, ಅದೂ ಒಂದು ಕಾರಣವಿರಬಹುದು. ಬಿಪಿಗೆ ಯಾವ ಪರಿಹಾರವೂ ಇರಲಿಲ್ಲ.

1968ರಲ್ಲಿ ಟ್ಯೂಡರ್ ಹಾರ್ಟ್ ತಮ್ಮ ಪಟ್ಟಿಯಲ್ಲಿದ್ದ ಹರೆಯದವರಿಂದ ನಡುವಯಸ್ಸಿನವರವರೆಗೆ ಎಲ್ಲರ ಬಿಪಿ ಅಳೆಯಲು ಹೊರಟರು. ವಿಧಾನ ಬಹಳ ಸರಳ. ಶಿಬಿರ ಮಾಡಲಿಲ್ಲ, ಬ್ಯಾನರ್ ಕಟ್ಟಲಿಲ್ಲ. ಕೆಮ್ಮು ಎಂದು ಬಂದವನಿರಲಿ, ರಜೆಯ ಸರ್ಟಿಫಿಕೇಟಿಗೆ ಬಂದವನಿರಲಿ, ಲಕೋಟೆ ತೆಗೆದಾಗ ಬಿಪಿ ಬರೆದಿಲ್ಲವೆಂದರೆ ಅಳೆದು ಬರೆಯುವುದು. ಒಂದೆರಡು ವರ್ಷದಲ್ಲಿ ಊರಿನ ಹೆಚ್ಚುಕಡಿಮೆ ಎಲ್ಲರೂ ಯಾವುದೋ ಒಂದು ಕಾರಣಕ್ಕೆ ಡಾಕ್ಟರಲ್ಲಿಗೆ ಬಂದೇ ಬರುತ್ತಾರೆ. ಉಳಿದ ಬೆರಳೆಣಿಕೆಯವರ ಮನೆಗೆ ಹೋಗಬೇಕಾಯಿತು. 1970ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದರ ವರದಿ ಬಂತು. ಪಟ್ಟಿಯಲ್ಲಿರುವ ಪ್ರತಿಯೊಬ್ಬರ ಬಿಪಿಯನ್ನೂ ಅಳೆದ ಡಾಕ್ಟರು ಅದುವರೆಗೆ ಬ್ರಿಟನ್ನಿನಲ್ಲಿ ಇರಲಿಲ್ಲ. ಅದೇ 1970ರಲ್ಲಿ ಗಣಿಯೂ ಮುಚ್ಚಿತು. ಊರಿಗೆ ಕೆಲಸ ಹೋಯಿತು, ಡಾಕ್ಟರು ಉಳಿದರು.

ಮರುವರ್ಷ ಅವರು ಬರೆದ ಲೇಖನ ಅವರನ್ನು ಜಗತ್ತಿಗೆ ಪರಿಚಯಿಸಿತು. ವೈದ್ಯರ ಅಗತ್ಯ ಎಲ್ಲಿ ಅತಿ ಹೆಚ್ಚೋ ಅಲ್ಲಿ ಒಳ್ಳೆಯ ವೈದ್ಯಸೇವೆ ಅತಿ ಕಡಿಮೆ ಇರುತ್ತದೆ, ಸೇವೆ ಮಾರುಕಟ್ಟೆಯ ಕೈಗೆ ಹೋದಷ್ಟೂ ಇದು ಹೆಚ್ಚುತ್ತದೆ ಎಂಬುದು ಅದರ ಸಾರ. ಇದಕ್ಕೆ ಅವರು ವಿಲೋಮ ನಿಯಮ ಎಂಬರ್ಥದ ಹೆಸರಿಟ್ಟರು. ಲೇಬರ್ ಕ್ಯಾಂಪ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ವೇಲ್ಸ್ ಕಣಿವೆಗಳಿಗೆ ಬರಲು ಬ್ರಿಟಿಷ್ ಡಾಕ್ಟರುಗಳು ಹಿಂದೇಟು ಹಾಕಿದಾಗ ಅಲ್ಲಿನ ಚಿಕಿತ್ಸಾಲಯಗಳನ್ನು ನಡೆಸಿದವರಲ್ಲಿ ಬಹಳ ಮಂದಿ ಭಾರತ ಉಪಖಂಡದಿಂದ ಹೋದ ಡಾಕ್ಟರುಗಳು ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಗ್ಲಿನ್‌ಕೊರುಗ್ ಜನ ಬಿಪಿ ಅಳೆಸಿಕೊಂಡು ಸುಮ್ಮನೆ ಕೂರಲಿಲ್ಲ. ಉಪ್ಪು ಕಡಿಮೆ ತಿಂದರೆ ಬಿಪಿ ಇಳಿಯುತ್ತದೆಯೇ ಎಂಬ ಪರೀಕ್ಷೆಗೆ ಒಪ್ಪಿದರು. 1983ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ಇದ್ದದ್ದು 18 ಜನ. ಎಲ್ಲರೂ ಊಟದಲ್ಲಿ ಉಪ್ಪು ಇಳಿಸಿಕೊಳ್ಳಬೇಕು. ಜೊತೆಗೆ ಕೆಲವು ವಾರ ಉಪ್ಪಿನ ಮಾತ್ರೆ, ಕೆಲವು ವಾರ ಡಮ್ಮಿ ಮಾತ್ರೆ. ಯಾವ ವಾರ ಯಾವುದು ಎಂದು ಅವರಿಗೂ ಗೊತ್ತಿಲ್ಲ, ಅಳೆಯುವವರಿಗೂ ಗೊತ್ತಿಲ್ಲ. ನಿಜವಾಗಿ ಉಪ್ಪು ಎಷ್ಟು ಒಳಗೆ ಹೋಯಿತು ಎಂದು ತಿಳಿಯಲು ಮೂತ್ರವನ್ನು ಪರೀಕ್ಷಿಸಬೇಕು. ಇಪ್ಪತ್ತನಾಲ್ಕು ಗಂಟೆಯ ಮೂತ್ರವನ್ನು ಬಾಟಲಿಯಲ್ಲಿ ಕೂಡಿಡಿ ಎಂದು ನಾವು ಕೌಂಟರಿನಲ್ಲಿ ಒಬ್ಬರಿಗೆ ಹೇಳಿದರೂ ಮುಖ ಹೇಗಾಗುತ್ತದೆ ಎಂದು ನಮಗೆ ಗೊತ್ತು. ಆ ಊರಿನಲ್ಲಿ ಅದನ್ನು ಮಾಡಿಕೊಟ್ಟರು. ಉತ್ತರ ಏನು ಬಂತು? ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಡಾಕ್ಟರು ಅದನ್ನು ಹಾಗೆಯೇ ಪ್ರಕಟಿಸಿದರು. ಮುಂದೆ ಬೇರೆ ಕಡೆ ನಡೆದ ದೊಡ್ಡ ಪರೀಕ್ಷೆಗಳಲ್ಲಿ ಉಪ್ಪು ಇಳಿಸಿದರೆ ಬಿಪಿ ಇಳಿಯುತ್ತದೆ ಎಂದು ಖಚಿತವಾಯಿತು, ಆದ್ದರಿಂದ ಇದನ್ನು ಓದಿ ಯಾರೂ ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯಬಾರದು. ನಾವು ಹೇಳಹೊರಟಿದ್ದು ಬೇರೆ. ಆ ಹದಿನೆಂಟು ಜನಕ್ಕೆ ಇದರಿಂದ ಸಿಕ್ಕಿದ್ದು ಏನೂ ಇಲ್ಲ. ಆದರೂ ತಿಂಗಳುಗಟ್ಟಲೆ ಸಪ್ಪೆ ಊಟ ಮಾಡಿದರು, ಏಕೆಂದರೆ ಕೇಳಿದವರು ಇಪ್ಪತ್ತು ವರ್ಷದಿಂದ ಅವರ ಮಕ್ಕಳ ಜ್ವರ ನೋಡಿದ ಡಾಕ್ಟರು.

ಕಿಟಕಿಯ ಪ್ರಶ್ನೆಗೆ ನೇರ ಉತ್ತರ ಕೊಟ್ಟದ್ದು ಇದೇ ಕಾಲದಲ್ಲಿ ನಡೆದ ಇನ್ನೂ ದೊಡ್ಡ ಕೆಲಸ. ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಸ್ವಲ್ಪ ಬಿಪಿ ಇರುವವರಿಗೆ ಮಾತ್ರೆ ಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸಲು 1970ರ ದಶಕದಲ್ಲಿ ಒಂದು ಪರೀಕ್ಷೆಯನ್ನು ಶುರುಮಾಡಿತು. ಅದನ್ನು ಹೊಂದಿಸಿದ ವಿಲಿಯಂ ಮಿಯಾಲ್ ಕೂಡ ದಕ್ಷಿಣ ವೇಲ್ಸಿನ ಕಣಿವೆಗಳಲ್ಲಿ ಮನೆಮನೆ ತಿರುಗಿ ಬಿಪಿ ಅಳೆದು ಪಳಗಿದವರೇ. ದೊಡ್ಡ ಆಸ್ಪತ್ರೆಗಳನ್ನು ಬಿಟ್ಟು 176 ಊರ ಡಾಕ್ಟರುಗಳ ಚಿಕಿತ್ಸಾಲಯಗಳನ್ನು ಆರಿಸಿಕೊಂಡರು. ಅಲ್ಲಿನ ನರ್ಸುಗಳಿಗೆ ಒಂದೇ ರೀತಿ ಬಿಪಿ ಅಳೆಯುವ ತರಬೇತಿ ಕೊಟ್ಟರು. ಪಟ್ಟಿಯಲ್ಲಿದ್ದ 35ರಿಂದ 64 ವಯಸ್ಸಿನವರನ್ನು ಕರೆದು ಅಳೆದರು, ಹೀಗೆ ಅಳೆದದ್ದು ಸುಮಾರು ಐದು ಲಕ್ಷ ಜನರನ್ನು. ಅದರಲ್ಲಿ ಕೆಳಗಿನ ಬಿಪಿ 90ರಿಂದ 109ರವರೆಗೆ ಇದ್ದ 17,354 ಗಂಡಸರು ಹೆಂಗಸರು ಪರೀಕ್ಷೆಗೆ ಸೇರಿದರು.

ಯಾರಿಗೆ ಏನು ಎಂಬುದನ್ನು ಚೀಟಿ ಎತ್ತಿದಂತೆ ತೀರ್ಮಾನಿಸಿದರು. ಕಾಲು ಭಾಗಕ್ಕೆ ಬೆಂಡ್ರೋಫ್ಲುವಜೈಡ್, ಅಂದರೆ ಮೂತ್ರ ಹೆಚ್ಚಿಸಿ ಬಿಪಿ ಇಳಿಸುವ ಮಾತ್ರೆ. ಕಾಲು ಭಾಗಕ್ಕೆ ಪ್ರೊಪ್ರನಲಾಲ್. ಉಳಿದ ಅರ್ಧಕ್ಕೆ ಅವೇ ಎರಡು ಮಾತ್ರೆಗಳಂತೆ ಕಾಣುವ ಡಮ್ಮಿ. ತನಗೆ ಬಂದದ್ದು ಯಾವುದು ಎಂದು ಡಾಕ್ಟರಿಗೆ ಗೊತ್ತಿತ್ತು, ನುಂಗುವವನಿಗೆ ಗೊತ್ತಿರಲಿಲ್ಲ. ಡಮ್ಮಿ ನುಂಗುತ್ತಿದ್ದವರ ಬಿಪಿ ಒಂದು ಮಿತಿ ದಾಟಿದರೆ ನಿಜವಾದ ಔಷಧಕ್ಕೆ ಬದಲಿಸುವ ನಿಯಮವಿತ್ತು.

ಡಮ್ಮಿ ಎಂದಾಗ ನಮ್ಮವರಲ್ಲಿ ಅನೇಕರಿಗೆ ಸಿಟ್ಟು ಬರುತ್ತದೆ. ರೋಗಿಗೆ ಸುಣ್ಣದ ಮಾತ್ರೆ ಕೊಟ್ಟು ಮೋಸ ಮಾಡಿದರಲ್ಲ ಎನ್ನುತ್ತಾರೆ. ನಮಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಆವತ್ತು ಯಾವುದು ಒಳ್ಳೆಯದು ಎಂದು ಯಾರಿಗೂ ಗೊತ್ತಿರಲಿಲ್ಲ. ಔಷಧದಿಂದಲೇ ಕೆಡುಕಾಗುವ ಸಾಧ್ಯತೆಯೂ ಇತ್ತು, ಆಗ ಡಮ್ಮಿ ಸಿಕ್ಕವನೇ ಪುಣ್ಯವಂತ. ಗೊತ್ತಿದ್ದೂ ಕೊಡದಿರುವುದು ಮೋಸ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿ, ಎರಡನ್ನೂ ಪಕ್ಕಪಕ್ಕ ಇಟ್ಟು ಎಣಿಸುವುದು ಬೇರೆ ಮಾತು.

1985ರ ಜುಲೈನಲ್ಲಿ ಎಣಿಕೆ ಹೊರಬಂತು. ಔಷಧದ ಗುಂಪಿನಲ್ಲಿ ಲಕ್ವ ಹೊಡೆದದ್ದು 60 ಜನಕ್ಕೆ, ಡಮ್ಮಿ ಗುಂಪಿನಲ್ಲಿ 109 ಜನಕ್ಕೆ. ಅಂದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಂತೆ. ಹೃದಯಾಘಾತದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ, 222 ಮತ್ತು 234. ಒಟ್ಟು ಸಾವು ಔಷಧದವರಲ್ಲಿ 248, ಡಮ್ಮಿಯವರಲ್ಲಿ 253. ಇನ್ನೊಂದು ಲೆಕ್ಕವನ್ನೂ ಅವರೇ ಮುಚ್ಚಿಡದೆ ಹೇಳಿದರು: 850 ಜನ ಒಂದು ವರ್ಷ ಮಾತ್ರೆ ನುಂಗಿದರೆ ತಪ್ಪುವುದು ಒಂದು ಲಕ್ವ.

ಈ 850ರ ಲೆಕ್ಕವನ್ನು ಕೇಳಿ ನಮ್ಮ ಜೊತೆ ಕೆಲಸ ಮಾಡುವವರೊಬ್ಬರು, "ಇದನ್ನು ಹೇಳಿದರೆ ಯಾರೂ ಮಾತ್ರೆ ತಗೊಳ್ಳಲ್ಲ, ಹೇಳಬೇಡಿ" ಎಂದರು. ನಾವು ಒಪ್ಪುವುದಿಲ್ಲ. ಸೈಟಿನಲ್ಲಿ ದಿನಾ ಹೆಲ್ಮೆಟ್ ಹಾಕುವವರಿಗೆ ಈ ಲೆಕ್ಕ ಚೆನ್ನಾಗಿಯೇ ಅರ್ಥವಾಗುತ್ತದೆ. ಸಾವಿರ ಹೆಲ್ಮೆಟ್‌ನಲ್ಲಿ ಒಂದರ ಮೇಲೆ ಮಾತ್ರ ಇಟ್ಟಿಗೆ ಬೀಳುತ್ತದೆ, ಯಾವುದರ ಮೇಲೆ ಎಂದು ಬೆಳಿಗ್ಗೆ ಗೊತ್ತಿರುವುದಿಲ್ಲ. ಲೆಕ್ಕ ಒಂದು ವರ್ಷದ್ದು ಎಂಬುದನ್ನೂ ಮರೆಯಬಾರದು. ನಲವತ್ತಕ್ಕೆ ಬಿಪಿ ಬಂದವನ ಮುಂದೆ ಇಪ್ಪತ್ತು ಮೂವತ್ತು ವರ್ಷಗಳಿವೆ. ಬಲಗೈ ಬಿದ್ದುಹೋದ ಮೇಸ್ತ್ರಿಗೆ ಇಲ್ಲಿ ಏನಾಗುತ್ತದೆ ಎಂಬುದನ್ನು ಬರೆಯಬೇಕಾಗಿಲ್ಲ. ವೀಲ್‌ಚೇರಿನಲ್ಲಿ ವಿಮಾನ ಹತ್ತಿಸುವಾಗ ಜೊತೆಗೆ ಔಷಧದ ಚೀಲ ಕಟ್ಟಿಕೊಟ್ಟವರು ನಾವೇ ಇದ್ದೇವೆ.

ಅದೇ ಪರೀಕ್ಷೆಯಲ್ಲಿ ಹೊರಬಂದ ಇನ್ನೊಂದು ವಿಷಯ ನಮ್ಮ ಗಂಡಸರಿಗೆ ಬಹಳ ಹತ್ತಿರದ್ದು. ಬೆಂಡ್ರೋಫ್ಲುವಜೈಡ್ ತೆಗೆದುಕೊಂಡ ಗಂಡಸರಲ್ಲಿ ಲೈಂಗಿಕ ಅಶಕ್ತಿ ಡಮ್ಮಿಯವರಿಗಿಂತ ಸುಮಾರು ಎರಡು ಪಟ್ಟು ಕಂಡಿತ್ತು. 1981ರಲ್ಲೇ, ಮುಖ್ಯ ಫಲಿತಾಂಶಕ್ಕೂ ಮೊದಲೇ, ಇದನ್ನು ಪ್ರಕಟಿಸಿದರು. ಸಕ್ಕರೆ ಏರುವುದು, ಕೀಲು ಊದುವ ಗೌಟ್ ಕೂಡ ಕಂಡವು. ತಾನಾಗಿ ಬಾಯಿಬಿಟ್ಟು ಇಂಥದ್ದನ್ನು ಹೇಳುವ ಗಂಡಸು ವೇಲ್ಸಿನಲ್ಲೂ ಇಲ್ಲ, ವಿಜಯಪುರದಲ್ಲೂ ಇಲ್ಲ. ಪ್ರಶ್ನೆಪತ್ರಿಕೆ ಕೊಟ್ಟು ಕೇಳಿದ್ದರಿಂದ ಗೊತ್ತಾಯಿತು, ಡಮ್ಮಿ ಗುಂಪು ಪಕ್ಕದಲ್ಲಿದ್ದುದರಿಂದ ಔಷಧದ್ದೆಷ್ಟು, ವಯಸ್ಸಿನದೆಷ್ಟು ಎಂದೂ ಬೇರ್ಪಡಿಸಲು ಆಯಿತು. ಆಗ ಕೊಡುತ್ತಿದ್ದದ್ದು ದಿನಕ್ಕೆ 10 ಮಿಲಿಗ್ರಾಂ. ಅಷ್ಟು ಬೇಕಿಲ್ಲ, ಕಾಲು ಭಾಗ ಸಾಕು ಎಂದು ಆಮೇಲೆ ತಿಳಿಯಿತು. ಈಗ ನಾವು ಕೊಡುವ ಮಾತ್ರೆಗಳೇ ಹೆಚ್ಚಿನಂಶ ಬೇರೆ.

ಇದನ್ನು ಬಿಡಿಸಿ ಬರೆಯಲು ಕಾರಣವಿದೆ. ವಾರ್ಷಿಕ ರಜೆಗೆ ಊರಿಗೆ ಹೋಗುವ ಎರಡು ವಾರ ಮುಂಚೆ ಬಿಪಿ ಮಾತ್ರೆ ನಿಲ್ಲಿಸುವವರು ನಮ್ಮಲ್ಲಿ ಇದ್ದಾರೆ. ಕಾರಣ ಹೇಳುವುದಿಲ್ಲ, ನಮಗೆ ಗೊತ್ತಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಕೆಲವು ಮಾತ್ರೆಗಳನ್ನು, ಮುಖ್ಯವಾಗಿ ಪ್ರೊಪ್ರನಲಾಲ್ ಜಾತಿಯವನ್ನು, ದಿಢೀರನೆ ಬಿಟ್ಟರೆ ಹೃದಯಕ್ಕೇ ಅಪಾಯ. ಡಾಕ್ಟರಿಗೆ ಹೇಳಿದರೆ ಬೇರೆ ಮಾತ್ರೆಗೆ ಬದಲಿಸಲು ಬರುತ್ತದೆ. ಡಾಕ್ಟರು ಹೆಂಗಸು ಎಂದು ನಾಚಿಕೆಯಾದರೆ ಫಾರ್ಮಸಿಗೆ ಬಂದು ಹೇಳಿ.

ಗ್ಲಿನ್‌ಕೊರುಗ್‌ಗೆ ಮತ್ತೆ ಒಂದು ಸಲ ಹೋಗಬೇಕು. 1987ರಲ್ಲಿ ಟ್ಯೂಡರ್ ಹಾರ್ಟ್ ತಮ್ಮ ಪಟ್ಟಿಯಲ್ಲಿ ಸತ್ತ 500 ಜನರ ಲಕೋಟೆಗಳನ್ನು ತೆರೆದು, ಯಾವ ಸಾವನ್ನು ತಪ್ಪಿಸಬಹುದಿತ್ತು, ತಪ್ಪು ಯಾರದು ಎಂದು ಪ್ರಕಟಿಸಿದರು. ಸಿಗರೇಟು ಮೊದಲಾಗಿ ರೋಗಿಗಳ ಕಡೆಯದ್ದೇ ಹೆಚ್ಚು. ತಪ್ಪಿಸಬಹುದಾಗಿದ್ದ ಕಾರಣಗಳಲ್ಲಿ ಸುಮಾರು ಐದರಲ್ಲಿ ಒಂದನ್ನು ಊರ ಡಾಕ್ಟರ ಲೆಕ್ಕಕ್ಕೆ, ಅಂದರೆ ತಮ್ಮದೇ ಲೆಕ್ಕಕ್ಕೆ, ಬರೆದುಕೊಂಡರು. ಇಂಥ ಲೆಕ್ಕ ಬರೆದ ಡಾಕ್ಟರನ್ನು ನಾವು ಇನ್ನೊಬ್ಬರನ್ನು ಕಂಡಿಲ್ಲ. 1991ರಲ್ಲಿ ಇಪ್ಪತ್ತೈದು ವರ್ಷದ ಕೆಲಸದ ವರದಿ ಬಂತು. ಬಿಪಿ ಇದೆ ಎಂದು ಪತ್ತೆಯಾಗಿ ಚಿಕಿತ್ಸೆ ಪಡೆದ 116 ಜನರ ಸರಾಸರಿ ಶುರುವಿನಲ್ಲಿ 186/110 ಇದ್ದದ್ದು 146/84ಕ್ಕೆ ಬಂದಿತ್ತು. ಊರಿನ ಗಂಡಸರಲ್ಲಿ ಸಿಗರೇಟು ಸೇದುವವರು ನೂರಕ್ಕೆ 61ರಿಂದ 36ಕ್ಕೆ ಇಳಿದಿದ್ದರು. ಹೀಗೆ ಹುಡುಕಿ ಚಿಕಿತ್ಸೆ ಕೊಡದ ಪಕ್ಕದ ಊರಿಗಿಂತ ಇಲ್ಲಿ ಅಕಾಲ ಮರಣ ಕಡಿಮೆಯಿತ್ತು. ಆದರೆ ತೂಕ ಮಾತ್ರ ಇಳಿದಿರಲಿಲ್ಲ. ಅದನ್ನೂ ಬರೆದಿದ್ದಾರೆ. ಟ್ಯೂಡರ್ ಹಾರ್ಟ್ 2018ರಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡರು.

ಊರ ಡಾಕ್ಟರುಗಳ ಮೂಲಕ ಪರೀಕ್ಷೆ ನಡೆಸುವ ಆ ಅಭ್ಯಾಸ ಬ್ರಿಟನ್ನಿನಲ್ಲಿ ಉಳಿಯಿತು. ಕೋವಿಡ್ ಬಂದಾಗ ಆಸ್ಪತ್ರೆಗೆ ಸೇರದೆ ಮನೆಯಲ್ಲೇ ಇದ್ದವರಿಗೆ ಏನು ಕೊಡಬೇಕು ಎಂದು ನೋಡಲು ಪ್ರಿನ್ಸಿಪಲ್ ಎಂಬ ಪರೀಕ್ಷೆ ನಡೆಯಿತು. ಅಜಿತ್ರೊಮೈಸಿನ್, ಡಾಕ್ಸಿಸೈಕ್ಲಿನ್ ಎರಡರಿಂದಲೂ ಪ್ರಯೋಜನವಿಲ್ಲ ಎಂದು 2021ರಲ್ಲಿ ಹೇಳಿದರು. ಅಷ್ಟರಲ್ಲಿ ಇಲ್ಲಿಯೂ ಊರಿನಲ್ಲಿಯೂ ಅಜಿತ್ರೊಮೈಸಿನ್ ಕಡಲೆಪುರಿಯಂತೆ ಖರ್ಚಾಗಿತ್ತು. ನಾವೂ ಕೊಟ್ಟಿದ್ದೇವೆ.

ನಮ್ಮವರು ಇಂಥದ್ದಕ್ಕೆ ಮುಂದೆ ಬರುವುದಿಲ್ಲ ಎನ್ನುವ ಮಾತಿದೆ. ಅದು ಸುಳ್ಳು. 2020ರ ಬೇಸಿಗೆಯಲ್ಲಿ ಯುಎಇ ಮತ್ತು ಬಹರೈನ್‌ನಲ್ಲಿ ಸಿನೋಫಾರ್ಮ್ ಲಸಿಕೆಗಳ ಪರೀಕ್ಷೆ ಶುರುವಾದಾಗ ತೋಳು ಕೊಟ್ಟವರು 40 ಸಾವಿರಕ್ಕೂ ಹೆಚ್ಚು. ಮೂರರಲ್ಲಿ ಒಂದು ಭಾಗದವರಿಗೆ ಸಿಕ್ಕಿದ್ದು ಲಸಿಕೆಯಲ್ಲ, ಬರೀ ಆಲಂ ಇದ್ದ ಸೂಜಿ. 2021ರ ಮೇ ತಿಂಗಳಿನಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಅದರಲ್ಲಿ ಭಾಗವಹಿಸಿದವರ ಸರಾಸರಿ ವಯಸ್ಸು 36, ನೂರಕ್ಕೆ 84 ಗಂಡಸರು ಎಂದು ಇದೆ. ಆ ಎರಡು ಅಂಕಿ ಓದಿದಾಗ ಸಂಜೆಯ ನಮ್ಮ ಕಿಟಕಿಯ ಸಾಲನ್ನೇ ನೋಡಿದಂತಾಯಿತು.

ಹಾಗಾದರೆ ಬಿಪಿಯ ವಿಷಯದಲ್ಲಿ, ಸಕ್ಕರೆಯ ವಿಷಯದಲ್ಲಿ, ಬಿಸಿಲಿನಲ್ಲಿ ಬೆವರಿ ಕೆಡುವ ಮೂತ್ರಪಿಂಡದ ವಿಷಯದಲ್ಲಿ ನಮ್ಮನ್ನು ಯಾಕೆ ಯಾರೂ ಹತ್ತಿಪ್ಪತ್ತು ವರ್ಷ ಎಣಿಸುವುದಿಲ್ಲ? ನಮಗೆ ಲಕೋಟೆ ಇಲ್ಲ. ಕಂಪನಿ ಬದಲಾದರೆ ಇನ್ಶೂರೆನ್ಸ್ ಬದಲಾಗುತ್ತದೆ, ಕ್ಲಿನಿಕ್ ಬದಲಾಗುತ್ತದೆ, ಹಳೆಯ ಫೈಲು ಅಲ್ಲೇ ಉಳಿಯುತ್ತದೆ. ರಜೆಯಲ್ಲಿ ಊರಿನ ಡಾಕ್ಟರು ಬರೆದ ಚೀಟಿ ಸೂಟ್‌ಕೇಸಿನಲ್ಲಿ ಮಡಚಿಕೊಂಡಿರುತ್ತದೆ. ಬಿಪಿ ಇದೆ ಎಂದು ಗೊತ್ತಾದರೆ ಕೆಲಸಕ್ಕೆ ಕುತ್ತು ಬರುತ್ತದೆ ಎಂಬ ಹೆದರಿಕೆಯಿಂದ ಫೈಲೇ ಬೇಡ ಎನ್ನುವವರೂ ಇದ್ದಾರೆ, ಆ ಹೆದರಿಕೆಯನ್ನು ನಾವು ಹಗುರವಾಗಿ ನೋಡಲಾರೆವು. ಗಣಿಯವನು ಅಳೆಸಿಕೊಂಡರೆ ಕೆಲಸ ಹೋಗುತ್ತಿರಲಿಲ್ಲ.

ಬೇರೆಯವರ ತಪ್ಪು ಹೇಳುವ ಮೊದಲು ನಮ್ಮದನ್ನೂ ಹೇಳಬೇಕು. ಶುಕ್ರವಾರದ ಉಚಿತ ತಪಾಸಣಾ ಶಿಬಿರಗಳಲ್ಲಿ ಮೇಜು ಹಾಕಿ ಕೂತು ವರ್ಷವರ್ಷ ಬಿಪಿ ಅಳೆದವರಲ್ಲಿ ನಾವೂ ಇದ್ದೇವೆ. ಸಣ್ಣ ಚೀಟಿಯಲ್ಲಿ ಬರೆದು ಕೈಗೆ ಕೊಡುತ್ತಿದ್ದೆವು. ಸಂಜೆ ಮೇಜು ಮಡಚುವಾಗ ಅರ್ಧ ಚೀಟಿಗಳು ಬಿರಿಯಾನಿ ತಟ್ಟೆಗಳ ಜೊತೆ ಕಸದ ಡಬ್ಬಿಯಲ್ಲಿ ಇರುತ್ತಿದ್ದವು. ಎಷ್ಟು ಜನ ಅಳೆಸಿಕೊಂಡರು ಎಂಬ ಲೆಕ್ಕ ಫೋಟೊದ ಕೆಳಗೆ ಹಾಕಲು ಮಾತ್ರ ಬೇಕಾಗುತ್ತಿತ್ತು. ಹೋದ ವರ್ಷ ಅಳೆದಾಗ 170 ಇದ್ದವನಿಗೆ ಈ ವರ್ಷ ಎಷ್ಟು ಎಂದು ನಾವು ಒಮ್ಮೆಯೂ ನೋಡಲಿಲ್ಲ, ನೋಡಲು ಎಲ್ಲಿಯೂ ಬರೆದಿರಲೂ ಇಲ್ಲ.

ಈ ಸಲ ಉದ್ದನೆಯ ಗೆರೆ ಹೊಡೆದ ರಿಜಿಸ್ಟರ್ ಒಂದನ್ನು ತಂದಿದ್ದೇವೆ. ಹೆಸರು ಬೇಡ ಎನ್ನುವವರಿಗೆ ನಂಬರ್ ಮಾತ್ರ. ಒಬ್ಬೊಬ್ಬರ ಮುಂದೆ ನಾಲ್ಕು ಕಾಲಂ, ಮೂರು ತಿಂಗಳಿಗೊಂದು. ಪುಸ್ತಕ ಫಾರ್ಮಸಿಯ ಬೀಗದ ಡ್ರಾಯರಿನಲ್ಲಿ ಇರುತ್ತದೆ, ಯಾವ ಕಂಪನಿಗೂ ತೋರಿಸುವುದಿಲ್ಲ. ಇದು ಸಂಶೋಧನೆಯಲ್ಲ, ಬರೀ ಲೆಕ್ಕದ ಪುಸ್ತಕ. ಮೊದಲ ಸಾಲಿನಲ್ಲಿ ನಮ್ಮದೇ ಬಿಪಿ ಬರೆದಿದ್ದೇವೆ, 148/92. ಬರುವವರು ಊಟಕ್ಕೆ ಮೊದಲು ಬನ್ನಿ, ಚಹಾ ಕುಡಿದು ಅರ್ಧ ಗಂಟೆ ಆಗಿರಲಿ, ಐದು ನಿಮಿಷ ಸುಮ್ಮನೆ ಕೂತ ಮೇಲೆ ಅಳೆಯುತ್ತೇವೆ.